ಅಕ್ಕ ಕೊಟ್ಟ ಉತ್ತರ

ಕರಗಿದ ಮೇಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಆ ಮಧ್ಯಾಹ್ನ ಅಕ್ಕನನ್ನು ಬಸವೇಶ್ವರನಗರದ ವಿಶೇಷ ಶಾಲೆಗೆ ಸೇರಿಸಲು ಹೊರಟ ಅಮ್ಮ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅಕ್ಕನಿಗೆ ಹದಿನಾಲ್ಕು, ನನಗೆ ಒಂಬತ್ತು. ಮಾತಿಗೆ, ಊಟಕ್ಕೆ, ಬಟ್ಟೆ ತೊಡಲು ಅಕ್ಕನಿಗೆ ಅಮ್ಮನೇ ಬೇಕಿತ್ತು. ದೊಡ್ಡ ಮಕ್ಕಳು ಮೇಣದಬತ್ತಿ ಮಾಡುತ್ತಿದ್ದ ಕೋಣೆಯಲ್ಲೇ ಟೀಚರ್ ನಮ್ಮನ್ನು ಕೂರಿಸಿದರು.

“ನಮ್ಮ ಜೊತೆ ಇರ್ತೀಯೇನಮ್ಮಾ?” ಎಂದು ಅಕ್ಕನನ್ನು ಕೇಳಿದರು.

“ಅವಳು ಹೇಳಲ್ಲ ಮಿಸ್. ನನ್ನ ಬಿಟ್ಟು ಇರೋದೂ ಇಲ್ಲ,” ಎಂದಳು ಅಮ್ಮ.

“ಅವಳೇ ಹೇಳ್ಲಿ, ಕಾಯೋಣ.”

ಕಾದೆವು. ಪ್ಲಾಸ್ಟಿಕ್ ಕುರ್ಚಿ ನನ್ನ ತೊಡೆಗೆ ಅಂಟುತ್ತಿತ್ತು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅಕ್ಕನ ಬದಲು ನಾನೇ ‘ಇಲ್ಲ’ ಅಂದುಬಿಟ್ಟು ಮನೆಗೆ ಓಡೋಣ ಅನಿಸುತ್ತಿತ್ತು. ಅಕ್ಕ ಮಾತ್ರ ಅಚ್ಚಿನಿಂದ ಆಗಷ್ಟೇ ಬಿಡಿಸಿಟ್ಟ ಬತ್ತಿಗಳನ್ನು ಸವರುತ್ತಾ ಕೂತಿದ್ದಳು. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿ ಬಾಗಿಲ ಕಡೆ ಕೈ ತೋರಿಸಿದಳು.

“ಅಮ್ಮ, ಹೋಗು.”

ಟೀಚರ್ ನಕ್ಕರು. ಅಮ್ಮನೂ ನಕ್ಕಳು.

ಅಕ್ಕನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ರಸ್ತೆ ದಾಟುವಾಗ ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಒಬ್ಬಳೇ ರಸ್ತೆ ದಾಟುವುದು ನನಗೆ ಆಗಲೇ ಬರುತ್ತಿತ್ತು. “ನೋಯತ್ತಮ್ಮಾ,” ಎಂದರೂ ವಿಜಯನಗರದ ಬಸ್ಸು ಬರುವವರೆಗೆ ಅವಳು ಬಿಡಲಿಲ್ಲ.