ಅರ್ಧ ನೋವು

ರೋಗಿಗಳ ಮಾತಿನ ಮೇಲೆ ಜಲಜಾಕ್ಷಿ ಸಿಸ್ಟರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ನೋವು ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರೊಳಗೆ ಹೇಳಿಸಿ ಬರೆದುಕೊಳ್ಳುವುದು ಆಸ್ಪತ್ರೆಯ ನಿಯಮ. ಕಾಲಿಗೆ ರಾಡು ಹಾಕಿಸಿಕೊಂಡಿದ್ದ ಹೆಂಗಸು "ಎಂಟು, ಸಿಸ್ಟರ್" ಎಂದು ನರಳಿದಳು. ಜಲಜಾಕ್ಷಿ ನಾಲ್ಕು ಎಂದು ಬರೆದು, ಒಂದು ಮಾತ್ರೆ ಕೊಟ್ಟು ಮುಂದೆ ನಡೆದಳು.

"ಅವರು ಎಂಟು ಅಂದ್ರಲ್ಲ ಸಿಸ್ಟರ್?" ಹೊಸದಾಗಿ ಸೇರಿದ್ದ ನರ್ಸ್ ಹುಡುಗಿ ಮೆಲ್ಲಗೆ ಕೇಳಿದಳು.

"ಎಂಟಿದ್ದವಳಿಗೆ ಮಾತು ಹೊರಡುತ್ತೇನೇ? ಎಲ್ಲಾ ಇಂಜೆಕ್ಷನ್ ಆಸೆ. ಸಂತೇಲಿ ಸೊಪ್ಪಿನ ರೇಟು ಹೇಳೋ ಹಾಗೆ ಏರಿಸಿ ಹೇಳ್ತಾರೆ. ನೀನು ಅರ್ಧಕ್ಕೆ ಇಳಿಸಿ ಬರ್ಕೋ, ಅದೇ ನಿಜ."

ಹುಡುಗಿ ಚುರುಕು. ಬೇಗ ಕಲಿತಳು.

ಮುಂದಿನ ತಿಂಗಳು ಕಿಡ್ನಿಯ ಕಲ್ಲು ಜಲಜಾಕ್ಷಿಯನ್ನೇ ಅದೇ ವಾರ್ಡಿನ ಮಂಚಕ್ಕೆ ಕೆಡವಿತು. ಪಕ್ಕೆ ಹಿಡಿದು ಹೊರಳಾಡುತ್ತಿದ್ದವಳ ಬಳಿಗೆ ಅದೇ ಹುಡುಗಿ ಬಂದು ನಿಂತಳು.

"ನೋವು ಎಷ್ಟಿದೆ ಸಿಸ್ಟರ್? ಹತ್ತರೊಳಗೆ ಹೇಳಿ."

ಎಂಟು ಎನ್ನಲು ಬಾಯಿ ತೆರೆದ ಜಲಜಾಕ್ಷಿ, ಹುಡುಗಿಯ ಕೈಲಿದ್ದ ಪೆನ್ನನ್ನೇ ಗುಮಾನಿಯಿಂದ ನೋಡಿದಳು.

"ಹದಿನಾರು ಕಣೇ," ಎಂದಳು.