ರಾಜ್ಯೋತ್ಸವದ ಶಾಲು

ಹೊಸ ಬಟ್ಟೆಯ ಗಂಜಿ ವಾಸನೆಗೆ ಈಗಲೂ ಪೀಣ್ಯದ ನಮ್ಮ ಇಂಗ್ಲಿಷ್ ಶಾಲೆಯ ರಾಜ್ಯೋತ್ಸವ ನೆನಪಾಗುತ್ತದೆ. ಅಂದು ನನಗೆ ಹಳದಿ-ಕೆಂಪು ಶಾಲು ಹೊದಿಸಿ, ಬಾವುಟದ ಮುಂದೆ ಪ್ರತಿಜ್ಞೆ ಹೇಳಿಸಿದರು. ಕನ್ನಡಕ್ಕಾಗಿ ಪ್ರಾಣ ಕೊಡುವುದಾಗಿ ನಾನು ಕೂಗಿದೆ. ಇಡೀ ಶಾಲೆ ತಾನೂ ಕೊಡುವುದಾಗಿ ಕೂಗಿತು. ಬಳಿಕ ಮುಖ್ಯ ಅತಿಥಿಗಳು ಭಾಷಣದಲ್ಲಿ ಕದಂಬರಿಂದ ಹೊರಟು, ಹೊಯ್ಸಳರ ಹತ್ತಿರ ನಿಂತು ನೀರು ಕುಡಿದು, ವಿಜಯನಗರದತ್ತ ನಿಧಾನವಾಗಿ ಸಾಗಿದರು. ನನಗೆ ತಡೆಯಲಾಗಲಿಲ್ಲ.

“ಮಿಸ್, ಒಂದಕ್ಕೆ ಹೋಗ್ಬೇಕು.”

“ಕನ್ನಡದಲ್ಲಿ ಕೇಳಿದ್ರೆ ಕಳಿಸಲ್ಲ, ಗೊತ್ತಲ್ವಾ? ಇಂಗ್ಲಿಷಲ್ಲಿ ಕೇಳು,” ಎಂದರು ಮಿಸ್, ಎದೆಯ ಮೇಲಿನ ಹಳದಿ-ಕೆಂಪು ಬ್ಯಾಡ್ಜನ್ನು ನೇರ ಮಾಡಿಕೊಳ್ಳುತ್ತಾ.

ನಾನು ಇಂಗ್ಲಿಷ್ ಹುಡುಕುವಷ್ಟರಲ್ಲಿ ಚಡ್ಡಿ ಒದ್ದೆಯಾಗಿತ್ತು. ಅದೇ ಶಾಲನ್ನು ಸೊಂಟಕ್ಕೆ ಸುತ್ತಿಕೊಂಡು ಮನೆಗೆ ಬಂದೆ.

ಬಚ್ಚಲಲ್ಲಿ ಶಾಲು ಹಿಂಡುತ್ತಾ ಅಮ್ಮ ಗೊಣಗಿದಳು: “ಇದೆಂಥಾ ಶಾಲು ಕೊಟ್ಟವ್ರೋ! ಒಂದೇ ನೀರಿಗೆ ಬಣ್ಣ ಬಿಟ್ಬಿಡ್ತು.”