ಬೀಜದ ಕಾಯಿಗೆ ಬಂದ ಕಾರು

ಇನ್‌ಸ್ಪೆಕ್ಟರ್ ಆರ್‌ಟಿಓ ಅಂಗಳದಲ್ಲಿ ಕಾರಿನ ಡ್ರೈವರ್ ಸೀಟು ಬಿಚ್ಚಿಸಿದಾಗ ಮರುಳಸಿದ್ದಯ್ಯನವರಿಗೆ ಬೆವರು ಕಿತ್ತುಕೊಂಡು ಬಂತು. ಬಿಚ್ಚಿಸಿದ್ದು ಚಾಸಿ ನಂಬರ್ ನೋಡಲಿಕ್ಕೆ, ಅಷ್ಟೆ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಯಾಕ್ ಯಜಮಾನ್ರೆ, ಇಷ್ಟು ಬೆವರ್ತಿದ್ದೀರಾ? ಕಾರು ನಿಮ್ದೇ ತಾನೆ?"

"ಸ್ನೇಹಿತ ಕೊಟ್ಟಿದ್ದು," ಎಂದರು ಮರುಳಸಿದ್ದಯ್ಯ.

ಸುಳ್ಳೇನಲ್ಲ. ಅರವತ್ತೆರಡನೆಯ ಇಸವಿಯ ಮಾರಿಸ್ ಮೈನರ್, ಶ್ರೀಲಂಕಾದಿಂದ ಹಡಗು ಹತ್ತಿ ಬಂದದ್ದು. ಕೊಟ್ಟವನು ಸೋಮಪಾಲ. ತಿಪಟೂರಿನ ಸುತ್ತ ಉಂಡೆ ಕೊಬ್ಬರಿ ಹೇಗೆ ಮಾಡುತ್ತಾರೆಂದು ಕಲಿಯಲು ಮೂವತ್ತೆಂಟು ವರ್ಷದ ಹಿಂದೆ ಬಂದು, ಅರಳಗುಪ್ಪೆಯ ಇವರ ಮನೆಯಲ್ಲೇ ವರ್ಷವಿಡೀ ಇದ್ದವನು. ಇವರ ತಾಯಿ ಕಟ್ಟಿದ ಮುದ್ದೆ ಉಂಡವನು. ಮುದ್ದೆಯ ಜೊತೆಗೆ ನಮ್ಮ ಕಡೆಯ ಮಾತನ್ನೂ ನುಂಗಿಕೊಂಡವನು.

ಊರಿಗೆ ಹೊರಡುವಾಗ ಅವನು ಕೇಳಿದ್ದು ಒಂದೇ: ಇವರ ಬಾವಿಕಟ್ಟೆಯ ತೆಂಗಿನ ಮರದ ಅರವತ್ತು ಬೀಜದ ಕಾಯಿ. ಶ್ರೀಲಂಕಾದಲ್ಲಿ ಅವನಪ್ಪ ಒಂದೆಕರೆ ಬಿಟ್ಟುಕೊಟ್ಟಿದ್ದ. ಅದರ ತುಂಬ ಇದೇ ತಳಿ ಇಡುತ್ತೇನೆ ಎಂದು ಕುಣಿಯುತ್ತಿದ್ದ.

ಆ ಮರದ ಕೊಬ್ಬರಿ ಬಂತೆಂದರೆ ಮಂಡಿಯಲ್ಲಿ ವರ್ತಕರು ಎದ್ದು ಬಂದು ನೋಡುತ್ತಿದ್ದ ಕಾಲ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕೊಡಲು ಮನಸ್ಸು ಬರಲಿಲ್ಲ. ಮರುಳಸಿದ್ದಯ್ಯ ಕೊಟ್ಟರು. ಕೊಡುವ ಮುಂಚೆ, ಕೊಬ್ಬರಿ ಚೀಲ ಹೊಲಿಯುವ ದಬ್ಬಳವನ್ನು ಕೆಂಡದಲ್ಲಿ ಕಾಯಿಸಿದರು. ತೆಂಗಿನಕಾಯಿಗೆ ಮೂರು ಕಣ್ಣು. ಮೊಳಕೆ ಬರುವುದು ಒಂದರಲ್ಲಿ ಮಾತ್ರ. ತೊಟ್ಟು ಎತ್ತಿ, ಆ ಒಂದು ಕಣ್ಣಿಗೆ ದಬ್ಬಳ ಇಳಿಸಿ, ತೊಟ್ಟನ್ನು ಮತ್ತೆ ಇದ್ದ ಹಾಗೇ ಕೂರಿಸಿದರು. ಅರವತ್ತಕ್ಕೂ. ಮೇಲಿಂದ ನೋಡಿದರೆ ಮುಕ್ಕಣ್ಣನಿಗೂ ಗೊತ್ತಾಗುವಂತಿರಲಿಲ್ಲ. ಸೋಮಪಾಲ ಇವರನ್ನು ತಬ್ಬಿಕೊಂಡು ಅತ್ತು, ಮೂಟೆ ಹೊರಿಸಿಕೊಂಡು ಹೋದ.

ಆಮೇಲೆ ಸುದ್ದಿಯಿಲ್ಲ. ಆದರೆ ತೋಟದಲ್ಲಿ ಸಸಿ ಇಡುವಾಗಲೆಲ್ಲ ಮರುಳಸಿದ್ದಯ್ಯನವರಿಗೆ ಆ ಅರವತ್ತು ಕಾಯಿ ನೆನಪಾಗುತ್ತಿದ್ದವು. ಸಸಿ ಇಡುವ ಕೆಲಸವನ್ನೇ ಆಳಿಗೆ ಬಿಟ್ಟರು.

ಹೋದ ವರ್ಷ ಇದ್ದಕ್ಕಿದ್ದಂತೆ ಅವನದೇ ಫೋನು. ಕುಶಲ ಕೇಳಿದ, ತೀರಿಹೋದ ತಾಯಿಗಾಗಿ ಮರುಗಿದ. ಕೊನೆಗೆ, ತನ್ನಪ್ಪನ ಕಾರನ್ನು ಇವರಿಗೆ ಕಳಿಸುತ್ತಿದ್ದೇನೆ, ರಿಪೇರಿಯಿಂದ ಬಣ್ಣದವರೆಗೆ ಎಲ್ಲ ಕೈಯಾರೆ ಮಾಡಿದ್ದೇನೆ ಎಂದ.

"ಬ್ಯಾಡ ಕಣ್ಲಾ. ನಂಗ್ಯಾಕೆ ಅದೆಲ್ಲ?"

"ನೀನು ಕೊಟ್ಟಂಗೇ ನಾನೂ ಕೊಡ್ತಾ ಇದ್ದೀನಿ. ಬ್ಯಾಡ ಅನ್ಬ್ಯಾಡ."

ಮರುಳಸಿದ್ದಯ್ಯ ಫೋನಿಟ್ಟು ಅತ್ತುಬಿಟ್ಟರು. ಅಂದರೆ ಕಾಯಿ ಮೊಳೆತಿವೆ! ಎಲ್ಲ ಅಲ್ಲದಿದ್ದರೂ ಹತ್ತೋ ಹನ್ನೆರಡೋ. ಅವಸರದಲ್ಲಿ ದಬ್ಬಳ ಜಾರಿರಬೇಕು. ಆ ಜಾರಿದ ದಬ್ಬಳಕ್ಕೆ ಮನಸ್ಸಿನಲ್ಲೇ ಕೈಮುಗಿದರು.

ಹೆಂಡತಿ ಶಾಂತಕುಮಾರಿಗೆ ಅಂದೇ ಎಲ್ಲ ಹೇಳಿದರು.  ಮೂರನೆಯ ದಿನ ಆಕೆ ಕಾಫಿ ಲೋಟ ಕುಕ್ಕಿ, "ಮೊದ್ಲು ಅವ್ರಿಗೆ ಹೇಳ್ಬುಡಿ. ಆಮೇಲೆ ಕಾರು ಇಸ್ಕೊಳ್ಳಿ," ಎಂದರು.

ಕಾರು ಬರಲಿ, ಹೇಳುತ್ತೇನೆ ಎಂದರು ಇವರು. ಕಾರು ಬಂತು. ಸುಂಕ ಕಟ್ಟಿ ಆಗಲಿ ಎಂದರು. ಅಟ್ಟದ ಮೇಲಿನ ವರ್ಷದ ಕಾಯಿಯೆಲ್ಲ ಸುಂಕಕ್ಕೇ ಹೋಯಿತು. ಹೇಳಲಿಲ್ಲ. ರಿಜಿಸ್ಟ್ರೇಷನ್ ನಂಬರ್ ಬರಲಿ ಎಂದರು. ಕಾರಿನ ಆಸೆ ಇರಲಿಲ್ಲವೆಂದರೆ ನೀವು ನಂಬಬೇಡಿ, ಇತ್ತು. ಆದರೆ ಭಯ ಅದಕ್ಕಿಂತ ದೊಡ್ಡದು. ಹೇಳಿಬಿಟ್ಟರೆ, ತನ್ನನ್ನು ದೊಡ್ಡ ಮನುಷ್ಯ ಎಂದು ನಂಬಿರುವ ಒಬ್ಬ ಗೆಳೆಯನೂ ಇಲ್ಲವಾಗುತ್ತಾನಲ್ಲ!

ತಿಂಗಳಿಗೊಮ್ಮೆ ಸೋಮಪಾಲ ಕೇಳುತ್ತಿದ್ದ, ನಂಬರ್ ಬಂತೇ ಎಂದು. ಇಲ್ಲ ಎಂದರೆ ಬೇಸರಪಡುತ್ತಿರಲಿಲ್ಲ. "ನಿಧಾನ ಕಣಪ್ಪ. ನಾನೂ ದಿನಾ ಎದ್ದು ನೋಡ್ಕಂಡು ಕಾದಿದ್ದೀನಿ," ಎನ್ನುತ್ತಿದ್ದ. ಎಂಥ ತಾಳ್ಮೆಯ ಮನುಷ್ಯ ಎಂದು ಮರುಳಸಿದ್ದಯ್ಯ ಇನ್ನಷ್ಟು ಕುಗ್ಗುತ್ತಿದ್ದರು.

ಇವತ್ತು ಬೆಳಿಗ್ಗೆ ಕಾರನ್ನು ಲಾರಿಗೆ ಏರಿಸುವಾಗಲೂ ಅವನ ಫೋನು ಬಂದಿತ್ತು. ಶಾಂತಕುಮಾರಿ ಬಾಗಿಲಲ್ಲೇ ನಿಂತು ಗಂಡನ ಮುಖ ನೋಡುತ್ತಿದ್ದರು.

"ಹೊರಡೋಕ್ ಮುಂಚೆ ನಂಗೇನಾರ ಹೇಳೋದಿತ್ತಾ?" ಎಂದು ಕೇಳಿದ ಸೋಮಪಾಲ.

"ಏನಿಲ್ಲ ಕಣ್ಲಾ. ನಂಬರ್ ಆದ್ಮೇಲೆ ಮಾತಾಡ್ತೀನಿ."

 "ಹಂಗಾದ್ರೆ ಹೋಗ್ಬಾ," ಎಂದ ಸೋಮಪಾಲ.

ಈಗ ಇನ್‌ಸ್ಪೆಕ್ಟರ್ ಕಾರಿನೊಳಗೆ ಬಗ್ಗಿದ್ದರು. ಬಂದರಿನಲ್ಲಿ ಸುಂಕದವರು ಬಾನೆಟ್ ಒಳಗಿನ ಪ್ಲೇಟು ನೋಡಿ ಬಿಟ್ಟಿದ್ದರು. ಇನ್‌ಸ್ಪೆಕ್ಟರ್ ಅದನ್ನು ಒಪ್ಪಲಿಲ್ಲ. ಪ್ಲೇಟನ್ನು ಯಾರು ಬೇಕಾದರೂ ಹೊಡೆಯಬಹುದು, ಕಬ್ಬಿಣದಲ್ಲೇ ಕೊರೆದ ನಂಬರಿನ ಪೆನ್ಸಿಲ್ ಅಚ್ಚು ಬೇಕು, ಅದಿಲ್ಲದಿದ್ದರೆ ಈ ಕಾರು ಈ ಜನ್ಮದಲ್ಲಿ ರಸ್ತೆಗೆ ಇಳಿಯುವುದಿಲ್ಲ ಎಂದರು. ಸೀಟಿನ ಅಡಿಯಲ್ಲಿ ಬಣ್ಣ ದಪ್ಪಗೆ ಕೂತಿತ್ತು. ಅದನ್ನು ಬ್ಲೇಡಿನಿಂದ ಕೆರೆದರು. ಬಿಳಿ ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಓರೆ ಮಾಡಿ ಉಜ್ಜತೊಡಗಿದರು.

ಮರುಳಸಿದ್ದಯ್ಯ ಮೊಬೈಲ್ ತೆಗೆದು ಸೋಮಪಾಲನ ಹೆಸರು ಹುಡುಕಿ ಹಿಡಿದುಕೊಂಡರು. ನಂಬರ್ ಮೂಡಿದ ತಕ್ಷಣ ಇಲ್ಲೇ, ಎಲ್ಲರ ಎದುರಿಗೇ ಹೇಳಿಬಿಡುವುದು. ಈ ಸಲ ತಪ್ಪಿಸುವುದಿಲ್ಲ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಎದೆ ಹಗುರವಾದಂತಿತ್ತು.

"ನಂಬರ್ ಉಜ್ಜಿ ತೆಗ್ದವ್ರೆ ಕಣ್ರೀ," ಎಂದರು ಇನ್‌ಸ್ಪೆಕ್ಟರ್, ಕಾಗದವನ್ನು ಇವರ ಕೈಗಿಡುತ್ತ. "ಅದ್ರ ಜಾಗದಲ್ಲಿ ಇನ್ನೇನೋ ಕೊರ್ದವ್ರೆ. ನಿಮ್ಗೇನಾದ್ರೂ ಅರ್ಥ ಆಯ್ತದಾ ನೋಡಿ."

ಕಾಗದದ ಮೇಲೆ ಮೂರು ದುಂಡು ಕಣ್ಣು ಮೂಡಿದ್ದವು. ಒಂದರ ನಡುವೆ ಮಾತ್ರ, ದಬ್ಬಳ ಇಳಿಯುವಷ್ಟು ತೂತು.